ಮೊದಲ ಮೆಟ್ಟಿಲು ಯಾವುದು? ಬೌದ್ಧ ಅಧ್ಯಯನಕ್ರಮದ ಹಿನ್ನೆಲೆ

ಶಿವಮೊಗ್ಗದಲ್ಲಿ ಕುಳಿತು ಬೌದ್ಧ ಚಿಂತನೆಯನ್ನು ಕ್ರಮವಾಗಿ ಓದಬೇಕೆಂದು ಹೊರಟವರಿಗೆ ಎದುರಾಗುವ ಮೊದಲ ತೊಡಕು ಪುಸ್ತಕಗಳದ್ದಲ್ಲ, ಆರಂಭದ್ದು. ಅಂಬೇಡ್ಕರ್ ಅವರ ದಾರಿಯಲ್ಲಿ ಬಂದವರು ತ್ರಿಸರಣ (ಬುದ್ಧ, ಧಮ್ಮ, ಸಂಘಗಳಿಗೆ ಶರಣು) ಮತ್ತು ಪಂಚಶೀಲದಿಂದ (ಐದು ನಡತೆಯ ವ್ರತಗಳು) ತೊಡಗಿ ಎನ್ನುತ್ತಾರೆ. ವಿಪಸ್ಸನ ಎಂಬ ಧ್ಯಾನದ ಶಿಬಿರಕ್ಕೆ ಹೋಗಿಬಂದವರು, ಮೊದಲು ಹತ್ತು ದಿನ ಮೌನವಾಗಿ ಕುಳಿತು ಬನ್ನಿ, ಓದು ಆಮೇಲಿನದು ಎನ್ನುತ್ತಾರೆ. ಮಲೆನಾಡಿನ ಸೆರಗಿನಲ್ಲಿರುವ ಮುಂಡಗೋಡದ ಟಿಬೆಟನ್ ಮಠಗಳಲ್ಲಾದರೋ ಪಾಠ ಆರಂಭವಾಗುವುದು ತರ್ಕದಿಂದ. ಮೂವರೂ ಹೇಳುವುದು ‘ಪ್ರಾಥಮಿಕ ಹಂತ’ದ ಬಗ್ಗೆಯೇ.

ಹಂತಗಳ ಕಲ್ಪನೆ ಬುದ್ಧನ ಕಾಲದ್ದೇ. ಪಾಲಿ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ ಒಂದು ಸುತ್ತದಲ್ಲಿ ಗಣಕ ಮೊಗ್ಗಲ್ಲಾನನೆಂಬ ಲೆಕ್ಕಿಗ, ಹಳೆಯ ಶಾನುಭೋಗರನ್ನು ನೆನಪಿಸುವಂಥವನು, ಬುದ್ಧನನ್ನು ಕೇಳುತ್ತಾನೆ: ಶಿಷ್ಯರಿಗೆ ನಾವು ಒಂದರಿಂದ ನೂರರವರೆಗೆ ಎಣಿಸುವುದನ್ನು ಕ್ರಮವಾಗಿ ಕಲಿಸುತ್ತೇವೆ, ನಿಮ್ಮ ಧರ್ಮದಲ್ಲಿಯೂ ಅಂಥ ಕ್ರಮವುಂಟೆ? ಉಂಟೆಂದು ಬುದ್ಧ ಶೀಲ, ಇಂದ್ರಿಯಸಂಯಮ, ಊಟದಲ್ಲಿ ಮಿತಿ, ಎಚ್ಚರ, ಸ್ಮೃತಿ, ಏಕಾಂತ, ಧ್ಯಾನ ಎಂದು ಒಂದೊಂದಾಗಿ ಹೇಳುತ್ತಾನೆ. ಇದು ಭಿಕ್ಷುವಿನ ದಾರಿ. ಗೃಹಸ್ಥರಿಗೆ ಬೇರೆಯೇ ಒಂದು ‘ಅನುಪುಬ್ಬಿಕಥಾ’, ಅಂದರೆ ಕ್ರಮದ ಉಪದೇಶ, ಇತ್ತು: ಮೊದಲು ದಾನದ ಮಾತು, ಬಳಿಕ ಶೀಲ, ಸ್ವರ್ಗ, ಕಾಮದ ದೋಷ, ತ್ಯಾಗದ ಹಿರಿಮೆ. ಇಷ್ಟನ್ನು ಕೇಳಿ ಮನಸ್ಸು ಮೆತ್ತಗಾದ ಮೇಲಷ್ಟೇ, ಕೊಳೆ ತೊಳೆದ ಬಟ್ಟೆ ಬಣ್ಣ ಹಿಡಿಯುವಂತೆ ಗ್ರಹಿಸಬಲ್ಲವನಿಗೆ, ನಾಲ್ಕು ಆರ್ಯಸತ್ಯಗಳ ಉಪದೇಶ. ಇಲ್ಲಿ ಮೆಟ್ಟಿಲನ್ನು ಅಳೆದದ್ದು ಕೇಳುಗನ ಮನಸ್ಸಿನಿಂದಲೇ ಹೊರತು ಪಠ್ಯದಿಂದಲ್ಲ ಎಂಬುದನ್ನು ಗಮನಿಸಬೇಕು.

ಮುಂದಿನ ಶತಮಾನಗಳಲ್ಲಿ ಕ್ರಮವು ಗ್ರಂಥವಾಯಿತು. ಐದನೆಯ ಶತಮಾನದಲ್ಲಿ ಬುದ್ಧಘೋಷ ಸಿಂಹಳ ದ್ವೀಪದಲ್ಲಿ ಶೀಲ, ಸಮಾಧಿ, ಪ್ರಜ್ಞೆಗಳನ್ನು ‘ವಿಸುದ್ಧಿಮಗ್ಗ’ದಲ್ಲಿ ಜೋಡಿಸಿದ, ಎಂಟನೆಯ ಶತಮಾನದ ಕೊನೆಗೆ ಜ್ಞಾನವು ಕ್ರಮವಾಗಿ ಬರುತ್ತದೆಯೋ ಒಮ್ಮೆಲೇ ಬರುತ್ತದೆಯೋ ಎಂಬುದು ಟಿಬೆಟ್ಟಿನಲ್ಲಿ ದೊಡ್ಡ ವಾದವಾಗಿ, ಕ್ರಮದ ಪರ ಭಾರತದ ಕಮಲಶೀಲ ನಿಂತ. 1042ರ ಸುಮಾರಿಗೆ ಟಿಬೆಟ್ಟಿಗೆ ಹೋದ ಭಾರತದ ಆಚಾರ್ಯ ಅತೀಶ ‘ಬೋಧಿಪಥಪ್ರದೀಪ’ದಲ್ಲಿ ಸಾಧಕರನ್ನು ಮೂರು ಬಗೆಯಾಗಿ ಕಂಡ: ಒಳ್ಳೆಯ ಮರುಜನ್ಮ ಬೇಕೆನ್ನುವವನು, ತನ್ನ ಬಿಡುಗಡೆ ಬೇಕೆನ್ನುವವನು, ಎಲ್ಲರ ದುಃಖವೂ ತೊಲಗಬೇಕೆನ್ನುವವನು. ಇದನ್ನೇ 1402ರಲ್ಲಿ ಟಿಬೆಟ್ಟಿನ ಆಚಾರ್ಯ ತ್ಸೋಂಗ್‌ಖಾಪ ವಿಸ್ತರಿಸಿದ. ಅತೀಶನ ಕಾಲಕ್ಕೆ ನಮ್ಮ ಶಿಕಾರಿಪುರ ಸೀಮೆಯ ಬಳ್ಳಿಗಾವಿಯಲ್ಲಿಯೂ ಬೌದ್ಧರಿದ್ದರು. 1065ರ ಶಾಸನ ಅಲ್ಲಿನ ವಿಹಾರವನ್ನು ಹೇಳುತ್ತದೆ, ಬೌದ್ಧ ದೇವತೆ ತಾರಾ ಭಗವತಿಯ ವಿಗ್ರಹವೂ ಅಲ್ಲಿ ಉಳಿದಿದೆ. ಆಮೇಲೆ ಈ ಸೀಮೆಯಲ್ಲಿ ಬೌದ್ಧರ ಸದ್ದು ಕೇಳಿಸಿದ್ದು ಬಹುತೇಕ ಒಂಬತ್ತು ಶತಮಾನಗಳ ಬಳಿಕ, 1966ರಲ್ಲಿ ಮುಂಡಗೋಡದಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ತೆರೆದಾಗ.

ಟಿಬೆಟ್ಟಿನ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳು ಅಲ್ಲಿ ಮರುಸ್ಥಾಪನೆಗೊಂಡವು. ಹುಡುಗರು ಮೊದಲು ಕಂಠಪಾಠ ಮಾಡುತ್ತಾರೆ, ಬಳಿಕ ‘ದುರಾ’ ಎಂಬ ತರ್ಕದ ಮೊದಲ ಪಾಠ. ಆ ಪಾಠ ತೊಡಗುವುದು ಯಾವುದಕ್ಕೂ ಸ್ವತಂತ್ರ ಸ್ವಭಾವವಿಲ್ಲವೆನ್ನುವ ಶೂನ್ಯತೆಯಿಂದಲ್ಲ, ಬಣ್ಣಗಳಿಂದ: ಬಿಳಿಯ ಕುದುರೆ ಬಿಳಿಯೇ? ಅಲ್ಲ, ಬಿಳಿ ಎಂಬುದು ಬಣ್ಣ, ಕುದುರೆ ಜೀವಿ. (ಕೆಂಪಡಿಕೆ ಕೆಂಪೇ ಎಂದು ನಮ್ಮಲ್ಲಿ ಯಾರಾದರೂ ಕೇಳಿದರೆ ನಕ್ಕುಬಿಡುತ್ತೇವೆ.) ಅಂಗಳದಲ್ಲಿ ನಿಂತವನು ಕಾಲು ಅಪ್ಪಳಿಸಿ, ಕೈತಟ್ಟಿ ಪ್ರಶ್ನೆ ಎಸೆಯುತ್ತಾನೆ, ಕುಳಿತವನಿಗೆ ಇರುವುದು ಕೆಲವೇ ಉತ್ತರಗಳು: ಒಪ್ಪಿದೆ, ಏಕೆ, ಹೇತು (ಕೊಟ್ಟ ಕಾರಣ) ಸಿದ್ಧವಾಗಿಲ್ಲ, ವ್ಯಾಪ್ತಿಯಿಲ್ಲ (ಆ ಕಾರಣದಿಂದ ಆ ತೀರ್ಮಾನ ಬರುವುದಿಲ್ಲ). ಇದು ಹದಕ್ಕೆ ಬಂದ ಮೇಲೆ ಐದು ಮಹಾಗ್ರಂಥಗಳು: ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಮೈತ್ರೇಯನದೆನ್ನುವ ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ. ಇದಕ್ಕೆ 15ರಿಂದ 20 ವರ್ಷ ಹಿಡಿಯುತ್ತದೆ. ಅತ್ಯುನ್ನತವಾದ ‘ಗೆಶೆ ಲ್ಹರಂಪ’ ಪದವಿ ಬೇಕಾದವರಿಗೆ ಅದರಾಚೆ ಆರು ವರ್ಷಗಳ ಪರೀಕ್ಷೆಗಳು. ಭಿಕ್ಷುಣಿಯರಿಗೆ ಈ ಮೆಟ್ಟಿಲು ಬಹುಕಾಲ ಮುಚ್ಚಿತ್ತು. 2016ರಲ್ಲಿ ಇಪ್ಪತ್ತು ಮಂದಿಯ ಮೊದಲ ತಂಡ ‘ಗೆಶೆಮಾ’ ಪದವಿಯನ್ನು (ಗೆಶೆಯ ಸ್ತ್ರೀರೂಪ) ಮುಂಡಗೋಡದಲ್ಲಿಯೇ ಪಡೆಯಿತು. ಇಷ್ಟು ತಡವಾದದ್ದಕ್ಕೆ ಯೋಗ್ಯತೆಯ ಕೊರತೆ ಕಾರಣವಾಗಿರಲಿಲ್ಲ ಎನ್ನುವುದಕ್ಕೆ ಹೆಚ್ಚು ತರ್ಕ ಬೇಕಿಲ್ಲ.

ಹೀಗೆ ಕ್ರಮವು ಮಠದೊಳಗೆ ಬಲಿಯುತ್ತ ಹೋದಷ್ಟೂ ಗೃಹಸ್ಥನ ಪಾಲಿನ ಮೆಟ್ಟಿಲುಗಳು ಮಸುಕಾದವು. ಇಪ್ಪತ್ತನೆಯ ಶತಮಾನ ಅವನನ್ನು ಮತ್ತೆ ಕರೆಯಿತು, ಆದರೆ ಬೇರೆ ಬೇರೆ ಬಾಗಿಲುಗಳಿಂದ. 1956ರಲ್ಲಿ ನಾಗಪುರದಲ್ಲಿ ನಡೆದ ಅಂಬೇಡ್ಕರ್ ಅವರ ಬೌದ್ಧ ದೀಕ್ಷೆ ಶೀಲವನ್ನು ಸಾಮಾಜಿಕ ಸಮಾನತೆಯೊಡನೆ ಬೆಸೆದು ಆರಂಭದಲ್ಲಿಯೇ ಇಟ್ಟಿತು. 1969ರಲ್ಲಿ ವಿಪಸ್ಸನ ಗುರು ಗೋಯೆಂಕಾ ಅವರು ಭಾರತದಲ್ಲಿ ತೊಡಗಿಸಿದ ಶಿಬಿರಗಳಲ್ಲಿ ಪಂಚಶೀಲ ಸ್ವೀಕರಿಸಿ, ಮೂರು ದಿನ ಉಸಿರನ್ನು ಗಮನಿಸಿ, ನಾಲ್ಕನೆಯ ದಿನ ವಿಪಸ್ಸನಕ್ಕೆ ಕಾಲಿಡಬೇಕು. ಕ್ರಮ ಇಲ್ಲಿಯೂ ಇದೆ, ಆದರೆ ಹಿಂದಿರುಗಿದವರ ಮಾತಿನಲ್ಲಿ ಕೇಳಿಸುವುದು ಹೆಚ್ಚಾಗಿ ಅನುಭವದ ವರ್ಣನೆಯೇ. ದಾನ, ಶೀಲಗಳ ಸುದ್ದಿ ಅಪರೂಪ. ಇತ್ತ ಶೂನ್ಯತೆಯ ಕುರಿತು ಬಲು ಸಲೀಸಾಗಿ ಮಾತಾಡುವ ಓದುಗರೂ ಇದ್ದಾರೆ. ಕುದುರೆಯ ಬಣ್ಣದ ಪ್ರಶ್ನೆಗೆ ಅವರು ಎಷ್ಟು ಹೊತ್ತು ನಿಲ್ಲಬಲ್ಲರೋ ತಿಳಿಯದು.

ಮುಂಡಗೋಡದ ಅಂಗಳ ನಮಗೆ ದೂರವೇನಲ್ಲ, ಆದರೆ ಅಲ್ಲಿನ ವಾದವೆಲ್ಲ ಟಿಬೆಟನ್ ಭಾಷೆಯಲ್ಲಿ. ಧರ್ಮಕೀರ್ತಿ ದಕ್ಷಿಣ ದೇಶದವನೆಂದು ಹೇಳುವುದು ಆ ಟಿಬೆಟನ್ ಪರಂಪರೆಯೇ. ಸಂಸ್ಕೃತದಲ್ಲಿ ಬರೆದ ಅವನನ್ನು ಗುರುಮುಖದಿಂದ ಕ್ರಮವಾಗಿ ಕಲಿಯಬೇಕೆನ್ನುವ ಮಲೆನಾಡಿನ ಕನ್ನಡಿಗ ಅಲ್ಲಿ ಮೊದಲು ಟಿಬೆಟನ್ ಅಕ್ಷರ ತಿದ್ದಬೇಕಾಗುತ್ತದೆ.