ವಯಸ್ಸು ಜಾಸ್ತಿ ಬರೆಸಿಕೊಂಡ ಪದ್ಯ

ಗದ್ದಲ, ಗಡಿಬಿಡಿಯ ನಡುವೆ ಸಮಾಧಾನವಾಗಿ ಹೆಜ್ಜೆ ಹಾಕು, ಮೌನದಲ್ಲಿ ಎಷ್ಟು ನೆಮ್ಮದಿ ಇದೆ ಅನ್ನೋದನ್ನು ಮರೆಯಬೇಡ. ಹೀಗೆ ಶುರುವಾಗುವ ಇಂಗ್ಲಿಷ್ ಪದ್ಯವೊಂದನ್ನು ನೀವು ಎಲ್ಲೋ ಓದಿರಬಹುದು. ಪೋಸ್ಟರ್‌ನಲ್ಲಿ, ಗ್ರೀಟಿಂಗ್ ಕಾರ್ಡಿನಲ್ಲಿ, ಇಲ್ಲವೇ ಬೆಳಗಿನ ಹೊತ್ತು ಬರುವ ವಾಟ್ಸಾಪ್ ಮೆಸೇಜಿನಲ್ಲಿ. ಹೆಸರು 'ಡೆಸಿಡರಾಟಾ'. ಲ್ಯಾಟಿನ್‌ನಲ್ಲಿ 'ಬೇಕೆನಿಸುವ ಸಂಗತಿಗಳು' ಎಂದರ್ಥ. ಎಷ್ಟೋ ಪೋಸ್ಟರ್‌ಗಳಲ್ಲಿ ಕೆಳಗೆ ಒಂದು ಸಾಲು ಇರುತ್ತದೆ: ಬಾಲ್ಟಿಮೋರ್‌ನ ಹಳೆಯ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಸಿಕ್ಕಿದ್ದು, 1692.

ಪದ್ಯ ಬರೆದದ್ದು 1920ರ ದಶಕದಲ್ಲಿ. ಬರೆದವರು ಅಮೆರಿಕದ ಇಂಡಿಯಾನಾ ರಾಜ್ಯದ ಟೆರ್ ಹೋಟ್ ಊರಿನ ಮ್ಯಾಕ್ಸ್ ಎರ್‌ಮನ್. ಹಾಗಾದರೆ 1692 ಎಲ್ಲಿಂದ ಬಂತು?

ಎರ್‌ಮನ್ ಹುಟ್ಟಿದ್ದು 1872ರಲ್ಲಿ. ಜರ್ಮನಿಯಿಂದ ವಲಸೆ ಬಂದವರ ಮಗ. ಹಾರ್ವರ್ಡ್‌ನಲ್ಲಿ ತತ್ವಶಾಸ್ತ್ರ, ಕಾನೂನು ಓದಿ ಊರಿಗೇ ವಾಪಸು ಬಂದರು. ಸ್ವಲ್ಪ ಕಾಲ ಸರ್ಕಾರಿ ವಕೀಲಿಕೆ ಮಾಡಿದರು. ಆಮೇಲೆ ಮನೆಯವರ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ. ಕೆಲಸಗಾರರು ತೊಡುವ ಓವರಾಲ್ ಹೊಲಿಯುವ ಕಾರ್ಖಾನೆ ಅದು. ನಲವತ್ತರ ಸುಮಾರಿಗೆ ಅದನ್ನೂ ಬಿಟ್ಟು ಬರವಣಿಗೆಗೇ ನಿಂತರು. ಪುಸ್ತಕಗಳು ಬಂದವು, ದೊಡ್ಡ ಹೆಸರೇನೂ ಬರಲಿಲ್ಲ. ಒಳ್ಳೆಯ ಮನಸ್ಥಿತಿಯನ್ನು ಹಿಡಿದಿಟ್ಟ ಒಂದು ತುಣುಕು ಬರಹವನ್ನಾದರೂ ಬಿಟ್ಟುಹೋಗಬೇಕು ಅಂತ ಅವರು ದಿನಚರಿಯಲ್ಲಿ ಬರೆದುಕೊಂಡಿದ್ದರು. ಆ ತುಣುಕಿಗೆ 1927ರ ಜನವರಿಯಲ್ಲಿ ಕಾಪಿರೈಟ್ ಮಾಡಿಸಿದರು. 1933ರಲ್ಲಿ ಅದನ್ನೇ ಕ್ರಿಸ್‌ಮಸ್ ಶುಭಾಶಯವಾಗಿ ಗೆಳೆಯರಿಗೆ ಕಳಿಸಿದರು. 1945ರಲ್ಲಿ ತೀರಿಕೊಂಡರು. ಮೂರು ವರ್ಷದ ನಂತರ ಹೆಂಡತಿ ಬರ್ತಾ ಅವರ ಪದ್ಯಗಳನ್ನೆಲ್ಲ ಸೇರಿಸಿ ಪುಸ್ತಕ ತಂದರು.

1960ಕ್ಕೆ ಸ್ವಲ್ಪ ಮೊದಲು ಈ ಪದ್ಯ ಬಾಲ್ಟಿಮೋರ್‌ನ ಸೇಂಟ್ ಪಾಲ್ಸ್ ಚರ್ಚಿನ ಪಾದ್ರಿ ಫ್ರೆಡರಿಕ್ ಕೇಟ್ಸ್ ಅವರ ಕೈಗೆ ಬಂತು. ಅವರಿಗೆ ಹಿಡಿಸಿತು. ಚರ್ಚಿಗೆ ಬರುವವರಿಗಾಗಿ ಪ್ರತಿ ತೆಗೆಸಿ ಹಂಚಿದರು. ಹಾಳೆಯ ತಲೆಯಲ್ಲಿ ಚರ್ಚಿನ ಹೆಸರು, ಪಕ್ಕದಲ್ಲಿ ಅದು ಸ್ಥಾಪನೆಯಾದ ವರ್ಷ 1692. ನಮ್ಮಲ್ಲಿ ಅಂಗಡಿಯ ಬಿಲ್ಲಿನ ಮೇಲೆ 'ಸ್ಥಾಪನೆ: 1952' ಅಂತ ಇರುತ್ತಲ್ಲ, ಹಾಗೆ. ಕೇಟ್ಸ್ ಯಾರಿಗೂ ಮೋಸ ಮಾಡಲಿಲ್ಲ. ಆದರೆ ಹಾಳೆ ಕೈಯಿಂದ ಕೈಗೆ ಹೋದಂತೆ ಎರ್‌ಮನ್ ಹೆಸರು ಬಿದ್ದುಹೋಯಿತು. ಚರ್ಚು ಹುಟ್ಟಿದ ವರ್ಷವೇ ಪದ್ಯ ಹುಟ್ಟಿದ ವರ್ಷವಾಯಿತು.

1965ರ ಜುಲೈಯಲ್ಲಿ ಅಡ್ಲೈ ಸ್ಟೀವನ್‌ಸನ್ ತೀರಿಕೊಂಡರು. ಎರಡು ಸಲ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತು ಸೋತವರು, ಆಗ ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿ. ಅವರ ಹಾಸಿಗೆಯ ಪಕ್ಕ ಈ ಪದ್ಯದ ಪ್ರತಿ ಸಿಕ್ಕಿತು. ಆ ವರ್ಷದ ಕ್ರಿಸ್‌ಮಸ್ ಕಾರ್ಡಿಗೆ ಹಾಕಿಸಬೇಕು ಅಂತಿದ್ದರಂತೆ. ಸುದ್ದಿ ಪತ್ರಿಕೆಗಳಿಗೆ ಬಂತು, ಹಳೆಯ ಚರ್ಚಿನ ಕತೆಯೂ ಜೊತೆಗೇ ಬಂತು. ಅದು ಹಿಪ್ಪಿಗಳ ಕಾಲ. ಶಾಂತಿ, ಪ್ರೀತಿ, ಗೋಡೆ ತುಂಬ ಪೋಸ್ಟರ್. ಮುನ್ನೂರು ವರ್ಷದ ಹಿಂದಿನ ಯಾರೋ ಅಜ್ಞಾತ ಸಂತ 'ಮರಗಳ ಹಾಗೆ, ನಕ್ಷತ್ರಗಳ ಹಾಗೆ ನೀನೂ ಈ ವಿಶ್ವದ ಮಗು' ಅಂದರೆ ಯಾರಿಗೆ ತಾನೇ ಬೇಡ? ಅದೇ ಮಾತನ್ನು ಓವರಾಲ್ ಕಾರ್ಖಾನೆಯ ವಕೀಲರು ಹೇಳಿದರು ಅಂದರೆ ಪೋಸ್ಟರ್ ಅಷ್ಟು ಖರ್ಚಾಗುತ್ತಿತ್ತೇ? ನನಗೆ ಅನುಮಾನ.

ತಮಾಷೆ ಅಂದರೆ, ಪದ್ಯವನ್ನು ಸುಮ್ನೆ ಒಂದು ಸಲ ಗಮನವಿಟ್ಟು ಓದಿದ್ದರೂ ಸಾಕಿತ್ತು. ದೇವರು ಅಂದರೆ ನಿನ್ನ ಕಲ್ಪನೆಯಲ್ಲಿ ಏನೇ ಇರಲಿ, ಅವನೊಂದಿಗೆ ನೆಮ್ಮದಿಯಿಂದಿರು ಅನ್ನುತ್ತದೆ ಅದು. 1692ರಲ್ಲಿ ಹೀಗೆ ಬರೆದು ಚರ್ಚಿನಲ್ಲಿ ಇಡುವುದೇ? ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಮಾಟಗಾತಿಯರು ಅಂತ ಹೇಳಿ 19 ಜನರನ್ನು ಗಲ್ಲಿಗೆ ಹಾಕಿದ್ದರು. ಬಾಲ್ಟಿಮೋರ್ ಇರುವ ಮೇರಿಲ್ಯಾಂಡ್‌ನಲ್ಲೂ ಆ ವರ್ಷ ಇಂಗ್ಲೆಂಡಿನ ಚರ್ಚನ್ನೇ ಅಧಿಕೃತ ಅಂತ ಮಾಡುವ ಕಾನೂನು ಬಂತು. ಸೇಂಟ್ ಪಾಲ್ಸ್ ಹುಟ್ಟಿದ್ದೇ ಆ ಕಾನೂನಿನಿಂದ. ಇನ್ನು ಬಾಲ್ಟಿಮೋರ್ ಪಟ್ಟಣ? ಅದು ಸ್ಥಾಪನೆಯಾದದ್ದು 1729ರಲ್ಲಿ. ಪದ್ಯದಲ್ಲಿ 'ಕೆರಿಯರ್' ಅನ್ನುವ ಪದವೂ ಇದೆ, ಇವತ್ತಿನ ಉದ್ಯೋಗದ ಅರ್ಥದಲ್ಲೇ. ಹದಿನೇಳನೇ ಶತಮಾನದಲ್ಲಿ ಆ ಪದಕ್ಕೆ ಆ ಅರ್ಥವೇ ಇರಲಿಲ್ಲ.

1971ರಲ್ಲಿ ಟಿವಿ ನಿರೂಪಕ ಲೆಸ್ ಕ್ರೇನ್ ಸಂಗೀತದ ಜೊತೆ ಇದನ್ನು ಓದಿ ರೆಕಾರ್ಡ್ ಮಾಡಿದರು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 8ನೇ ಸ್ಥಾನ, ಮೇಲೊಂದು ಗ್ರ್ಯಾಮಿ. ಹಳೇ ಕಾಲದ್ದು, ಯಾರ ಹಕ್ಕೂ ಇಲ್ಲ ಅಂದುಕೊಂಡಿದ್ದ ಅವರು ಕೊನೆಗೆ ರಾಯಧನ ಕೊಡಬೇಕಾಯಿತು. ಮರುವರ್ಷವೇ 'ನ್ಯಾಷನಲ್ ಲ್ಯಾಂಪೂನ್' ತಂಡ ಇದರ ಅಣಕ ತಂದಿತು. ಎಷ್ಟೋ ವರ್ಷದ ಮೇಲೆ ಕೇಳಿದಾಗ, ತಮ್ಮ ರೆಕಾರ್ಡ್ ಕೇಳಿದರೆ ಈಗ ವಾಕರಿಕೆ ಬರುತ್ತದೆ ಅಂದರು ಕ್ರೇನ್.

ಅದೇ 1971ರ ಆಗಸ್ಟ್‌ನಲ್ಲಿ 'ಸಕ್ಸೆಸ್ ಅನ್‌ಲಿಮಿಟೆಡ್' ಎಂಬ ಪತ್ರಿಕೆ ಈ ಪದ್ಯವನ್ನು ಅಚ್ಚು ಹಾಕಿತು. ಅಷ್ಟರಲ್ಲಿ ಹಕ್ಕನ್ನು ಕೊಂಡಿದ್ದ ರಾಬರ್ಟ್ ಬೆಲ್ ಕೇಸು ಹಾಕಿದರು. ಎರ್‌ಮನ್ ಬರೆದದ್ದು ಅನ್ನುವುದು ಅಲ್ಲಿ ಗಟ್ಟಿಯಾಯಿತು. ಆದರೂ ಬೆಲ್ ಸೋತರು!

ಯಾಕೆ ಗೊತ್ತಾ? 1942ರಲ್ಲಿ ಮೆರಿಲ್ ಮೂರ್ ಎಂಬ ಮನೋವೈದ್ಯರು, ತಾವೂ ಕವಿಯೇ, ಎರ್‌ಮನ್‌ಗೆ ಕಾಗದ ಬರೆದಿದ್ದರು. ರೋಗಿಗಳಿಗೆ ಈ ಪದ್ಯ ಕೊಡುತ್ತಿದ್ದೇನೆ, ಅವರಿಗೆ ಒಳ್ಳೆಯದಾಗುತ್ತಿದೆ ಅಂತ. ಆಮೇಲೆ ಯುದ್ಧದ ಹೊತ್ತಿನಲ್ಲಿ ಸೈನಿಕರಿಗೂ ಕೊಟ್ಟರು. ಒಟ್ಟು ಸಾವಿರದಷ್ಟು ಪ್ರತಿ. ಎರ್‌ಮನ್ ಖುಷಿಯಿಂದಲೇ ಒಪ್ಪಿದರು, ಷರತ್ತು ಏನೂ ಹಾಕಲಿಲ್ಲ. ಆಗಿನ ಅಮೆರಿಕದ ಕಾನೂನಿನ ಪ್ರಕಾರ ಕಾಪಿರೈಟ್ ಸೂಚನೆ ಇಲ್ಲದೆ ಹಂಚಲು ಬಿಟ್ಟರೆ ಹಕ್ಕೇ ಹೋಗುತ್ತಿತ್ತು. 1975ರಲ್ಲಿ ಕೋರ್ಟು ಹಾಗೇ ತೀರ್ಪು ಕೊಟ್ಟಿತು, ಮರುವರ್ಷ ಮೇಲ್ಮನವಿಯಲ್ಲೂ ಅದೇ ಉಳಿಯಿತು. ಕಾನೂನು ಸರಿಯಿರಬಹುದು. ಆದರೆ ಗಾಯಾಳುಗಳಿಗೆ ಪದ್ಯ ಕೊಟ್ಟಿದ್ದಕ್ಕೆ ಈ ಶಿಕ್ಷೆ ಅಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಟೆರ್ ಹೋಟ್‌ನಲ್ಲಿ 2010ರಲ್ಲಿ ಎರ್‌ಮನ್ ಅವರ ಕಂಚಿನ ಪ್ರತಿಮೆ ಇಟ್ಟರು. ಊರ ನಡುವಿನ ಕೂಡುರಸ್ತೆಯಲ್ಲಿ, ಬೆಂಚಿನ ಮೇಲೆ ಕೂತಿದ್ದಾರೆ.

ಇನ್ನೊಂದು ಸಣ್ಣ ವಿಷಯ. ಪದ್ಯದ ಕೊನೆಯಲ್ಲಿ ಎರ್‌ಮನ್ ಬರೆದದ್ದು 'ಚಿಯರ್‌ಫುಲ್', ಅಂದರೆ ನಗುನಗುತ್ತಾ ಇರು ಅಂತ. ಪ್ರತಿ ಮಾಡುತ್ತಾ ಮಾಡುತ್ತಾ ಯಾರದೋ ಕೈಯಲ್ಲಿ ಅದು 'ಕೇರ್‌ಫುಲ್' ಆಯಿತು. ಹುಷಾರಾಗಿರು! ನಿಮ್ಮಲ್ಲಿ ಈ ಪೋಸ್ಟರ್ ಇದ್ದರೆ ಆ ಸಾಲು ಒಮ್ಮೆ ನೋಡಿ.