ಹೊಳೆಯ ತಳದಲ್ಲಿ ಕರಗುವ ಚೀಲ

ಇಂಗ್ಲೆಂಡಿನ ಟ್ರೆಂಟ್, ಸೆವರ್ನ್ ನದಿಗಳಲ್ಲಿ ಬಾರ್ಬೆಲ್ ಎಂಬ ಮೀನಿದೆ. ಸೆಳೆತ ಜೋರಾಗಿರುವ ಕಡೆ, ಹರಳುಕಲ್ಲಿನ ತಳಕ್ಕೆ ಅಂಟಿಕೊಂಡೇ ಓಡಾಡುತ್ತದೆ. ಬಾಯಿ ಕೆಳಮುಖ, ಸುತ್ತ ನಾಲ್ಕು ಮೀಸೆ. ಆ ಮೀಸೆಗಳಿಗೆ ರುಚಿ ತಿಳಿಯುತ್ತದೆ. ಕತ್ತಲಲ್ಲೂ ಕಲ್ಲಿನ ಸಂದಿ ತಡವಿ ಆಹಾರ ಹುಡುಕುತ್ತದೆ. ನಮ್ಮ ಕಾವೇರಿಯ ಬಿಳಿ ಮೀನು, ಅಂದರೆ ಮಹಶೀರ್, ಇದಕ್ಕೆ ದೂರದ ನೆಂಟ.

ಬಾರ್ಬೆಲ್‌ಗೆ ಗಾಳ ಹಾಕುವವರಿಗೆ ಒಂದು ತೊಡಕಿದೆ. ಮೀನು ಗಾಳದ ಹತ್ತಿರ ಬರಬೇಕಾದರೆ ಅಲ್ಲಿ ಒಂದಿಷ್ಟು ತಿನಿಸು ಬಿದ್ದಿರಬೇಕು. ಕೆರೆಯಲ್ಲಾದರೆ ಒಂದು ಹಿಡಿ ಎರಚಿದರೆ ಆಯಿತು. ಹೊಳೆಯಲ್ಲಿ ಹಾಗಲ್ಲ. ನೀರು ಸೆಕೆಂಡಿಗೆ ಅರ್ಧ ಮೀಟರ್ ಹರಿಯುತ್ತಿದೆ, ಎಸೆದ ಉಂಡೆ ತಳ ಮುಟ್ಟಲು 20 ಸೆಕೆಂಡ್ ಬೇಕು ಅಂದುಕೊಳ್ಳಿ. ಅದು 10 ಮೀಟರ್ ಕೆಳಗೆ ಹೋಗಿ ಬಿದ್ದಿರುತ್ತದೆ. ಮೀನುಗಳೂ ಅಲ್ಲೇ ಸೇರುತ್ತವೆ. ಗಾಳ ಒಂದು ಕಡೆ, ಊಟ ಇನ್ನೊಂದು ಕಡೆ!

ಅದಕ್ಕೇ ಅಲ್ಲಿನವರು ನೀರಲ್ಲಿ ಕರಗುವ ಚೀಲ ಬಳಸುತ್ತಾರೆ. ಕಾಲುಚೀಲದಂಥ ಸಣ್ಣ ಜಾಲರಿಯೊಳಗೆ ಮೀನುಪುಡಿಯ ಒಣ ಉಂಡೆಗಳನ್ನು ಬಿಗಿಯಾಗಿ ತುಂಬಿ, ಗಂಟು ಹಾಕಿ, ಕೊಕ್ಕೆಗೆ ಸಿಕ್ಕಿಸುತ್ತಾರೆ. ಸೀಸದ ತೂಕ ಎಲ್ಲವನ್ನೂ ಒಟ್ಟಿಗೆ ತಳಕ್ಕೆ ಎಳೆದುಕೊಂಡು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಜಾಲರಿ ಕರಗಿ, ಕೊಕ್ಕೆಯ ಪಕ್ಕದಲ್ಲೇ ತಿನಿಸು ಹರಡಿಕೊಳ್ಳುತ್ತದೆ.

ಈ ಚೀಲ ಮಾಡಿರುವುದು ಪಾಲಿವಿನೈಲ್ ಆಲ್ಕೋಹಾಲ್ ಎಂಬ ವಸ್ತುವಿನಿಂದ, ಚಿಕ್ಕದಾಗಿ ಪಿವಿಎ. 1924ರಲ್ಲಿ ಜರ್ಮನಿಯ ವಿಲ್ಲಿ ಹೆರ್ಮನ್ ಮತ್ತು ವೋಲ್ಫ್ರಾಮ್ ಹೇನೆಲ್ ಇದನ್ನು ಮೊದಲು ತಯಾರಿಸಿದರು. ಇದನ್ನು ನೇರವಾಗಿ ಮಾಡಲು ಆಗುವುದಿಲ್ಲ, ಯಾಕೆಂದರೆ ವಿನೈಲ್ ಆಲ್ಕೋಹಾಲ್‌ನ ಬಿಡಿ ಅಣು ನಿಲ್ಲುವುದೇ ಇಲ್ಲ, ಬೇರೆ ರಾಸಾಯನಿಕವಾಗಿ ಬದಲಾಗಿಬಿಡುತ್ತದೆ. ಹಾಗಾಗಿ ಮೊದಲು ಪಾಲಿವಿನೈಲ್ ಅಸಿಟೇಟ್ ಮಾಡಬೇಕು. ಬಡಗಿಗಳ ಬಿಳಿ ಅಂಟಿನಲ್ಲಿ ಇರುವುದು ಅದೇ. ಆಮೇಲೆ ಅದರ ಉದ್ದನೆಯ ಅಣು ಸರಪಳಿಯಿಂದ ಅಸಿಟೇಟ್ ಗುಂಪುಗಳನ್ನು ಕಿತ್ತು, ಆ ಜಾಗದಲ್ಲಿ ನೀರಿಗೆ ಒಲಿಯುವ ಹೈಡ್ರಾಕ್ಸಿಲ್ ಗುಂಪು ಕೂರಿಸಬೇಕು.

ನನಗೆ ತುಂಬಾ ಹಿಡಿಸಿದ ಸಂಗತಿ ಇರುವುದು ಇಲ್ಲಿ. ಅಸಿಟೇಟ್ ಎಲ್ಲವನ್ನೂ ಕಿತ್ತು ಹಾಕಿದರೆ ಚೀಲ ಬೇಗ ಕರಗಬೇಕು, ಅಲ್ವಾ? ಕರಗುವುದಿಲ್ಲ. ಹೈಡ್ರಾಕ್ಸಿಲ್ ಗುಂಪುಗಳು ನೀರನ್ನು ಹಿಡಿಯುವ ಹಾಗೆಯೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಸರಪಳಿಗಳು ಒತ್ತೊತ್ತಾಗಿ ಜೋಡಿಸಿಕೊಂಡು ಹರಳುಗಟ್ಟುತ್ತವೆ, ತಣ್ಣೀರಿಗೆ ಒಳಗೆ ನುಗ್ಗಲು ದಾರಿಯೇ ಇರುವುದಿಲ್ಲ. ಅಂಥ ಪಿವಿಎ ಕರಗಲು 80–90 ಡಿಗ್ರಿ ಬಿಸಿನೀರು ಬೇಕು. ಸುಮಾರು ನೂರಕ್ಕೆ ಹನ್ನೆರಡು ಅಸಿಟೇಟ್ ಉಳಿಸಿದರೆ ಕತೆಯೇ ಬೇರೆ. ಒಂದರ ಮೇಲೊಂದು ಇಟ್ಟ ಸ್ಟೀಲ್ ತಟ್ಟೆಗಳ ನಡುವೆ ಚಮಚ ಸಿಕ್ಕಿಕೊಂಡ ಹಾಗೆ, ಸರಪಳಿಗಳ ನಡುವೆ ಸಂದಿ ಉಳಿಯುತ್ತದೆ. ಆ ಸಂದಿಯಲ್ಲಿ ತಣ್ಣೀರು ಇಳಿಯುತ್ತದೆ. ನೀರಿಗೆ ಅಷ್ಟಾಗಿ ಒಗ್ಗದ ಗುಂಪೇ ನೀರಿಗೆ ಬಾಗಿಲು ತೆಗೆಯುತ್ತದೆ!

ಹೊಳೆ ದಡದ ಪಾಠಗಳಿಗೂ ಇದೇ ಬೇರು. ಕೈ ಒದ್ದೆಯಿದ್ದರೆ ಚೀಲ ಬೆರಳಿಗೇ ಅಂಟಿ ಹರಿಯುತ್ತದೆ. ಎಣ್ಣೆ ಹಚ್ಚಿದ ತಿನಿಸಾದರೆ ಏನೂ ಆಗುವುದಿಲ್ಲ, ಎಣ್ಣೆಗೆ ಈ ಸರಪಳಿಗಳನ್ನು ಬಿಡಿಸುವ ಶಕ್ತಿಯಿಲ್ಲ. ಡಬ್ಬಿಯ ಮೆಕ್ಕೆಜೋಳದ ಕಾಳನ್ನು ಬಸಿದು, ಧಾರಾಳವಾಗಿ ಉಪ್ಪು ಬೆರೆಸಿ ತುಂಬುವವರಿದ್ದಾರೆ. ಕಾಳಿನ ತೇವವನ್ನು ಉಪ್ಪೇ ಹಿಡಿದಿಟ್ಟುಕೊಳ್ಳುತ್ತದೆ, ಚೀಲ ಕರಗಿಸುವಷ್ಟು ನೀರು ಉಳಿಯುವುದಿಲ್ಲ. ಜಾಲರಿಯ ಬದಲು ಹಾಳೆಯ ಚೀಲವಾದರೆ ಸೂಜಿಯಿಂದ ನಾಲ್ಕು ಕಡೆ ಚುಚ್ಚಬೇಕು, ಒಳಗಿನ ಗಾಳಿ ಹೋಗದಿದ್ದರೆ ಅದು ತೇಲುತ್ತದೆ. ಚಳಿಗಾಲದಲ್ಲಿ ಕರಗಲು ಜಾಸ್ತಿ ಹೊತ್ತು ಬೇಕು. ಇನ್ನು ಚೀಲ ದೊಡ್ಡದಾದಷ್ಟೂ ಸೆಳೆತ ಅದನ್ನು ಎಳೆದುಕೊಂಡು ಹೋಗುತ್ತದೆ. ಹೊಳೆಗೆ ಹೆಬ್ಬೆರಳು ಗಾತ್ರದ್ದೇ ಸರಿ.

ಕಾವೇರಿಯಲ್ಲಿ ಮಹಶೀರ್ ಹಿಡಿಯುತ್ತಿದ್ದವರಿಗೆ ಬೇಕಿದ್ದದ್ದು ಇದರ ತದ್ವಿರುದ್ಧ. ಅವರು ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಾದಿ, ಉಂಡೆ ಕಟ್ಟಿ ಕೊಕ್ಕೆಗೆ ಮೆತ್ತುತ್ತಿದ್ದರು. ಬೆಂದ ಪಿಷ್ಟ ಅಂಟಾಗಿ, ಸೆಳೆತದಲ್ಲೂ ಬಿಡದೆ ನಿಲ್ಲುತ್ತದೆ.

ಕರಗಿದ ಮೇಲೆ ಪಿವಿಎ ಎಲ್ಲಿ ಹೋಗುತ್ತದೆ? ಕಣ್ಣಿಗೆ ಕಾಣುವುದಿಲ್ಲ, ಆದರೆ ಆ ಉದ್ದನೆಯ ಸರಪಳಿಗಳು ನೀರಿನಲ್ಲೇ ಇರುತ್ತವೆ. ಉಪ್ಪು ಕರಗಿದರೂ ಉಪ್ಪು ಇದ್ದೇ ಇರುತ್ತದಲ್ಲ, ಇದೂ ಅಷ್ಟೇ. ಅವುಗಳನ್ನು ತುಂಡು ಮಾಡಿ ತಿನ್ನಬಲ್ಲ ಬ್ಯಾಕ್ಟೀರಿಯಾಗಳಿವೆ. ಬಟ್ಟೆ ಗಿರಣಿಗಳ ಪಿವಿಎ ತ್ಯಾಜ್ಯಕ್ಕೆ ಪಳಗಿದ ಶುದ್ಧೀಕರಣ ಘಟಕಗಳಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ತಣ್ಣನೆಯ ಹೊಳೆಯಲ್ಲಿ ಅಂಥ ಜೀವಿಗಳು ವಿರಳ, ಕೆಲಸವೂ ನಿಧಾನ. ಬಟ್ಟೆ ಒಗೆಯುವ ಪಾಡ್‌ಗಳ (ಸೋಪು ತುಂಬಿದ ಪುಟ್ಟ ಪೊಟ್ಟಣಗಳ) ಹೊದಿಕೆಯೂ ಇದೇ ಪಿವಿಎ, ಅದರಿಂದ ಚರಂಡಿ ಸೇರುವುದರ ಮುಂದೆ ಗಾಳದವರದ್ದು ಬಹಳ ಕಡಿಮೆ. ಆದರೂ ಪೊಟ್ಟಣದ ಮೇಲೆ ‘ಜೈವಿಕವಾಗಿ ಕೊಳೆಯುತ್ತದೆ’ ಎಂದು ಬರೆಯುವವರು, ಎಂಥ ನೀರಿನಲ್ಲಿ, ಎಷ್ಟು ದಿನದಲ್ಲಿ ಅನ್ನುವುದನ್ನೂ ಬರೆಯಬೇಕು.