ಫೆರ್‌ವೆರ್ಕಿಂಗ್: ಆಫ್ರಿಕಾನ್ಸ್ ರಂಗಭೂಮಿಯ ಒಂದು ಪದ

ದಕ್ಷಿಣ ಆಫ್ರಿಕಾದಲ್ಲಿ ಹೊರಗಿನ ನಾಟಕವೊಂದು ಆಫ್ರಿಕಾನ್ಸ್ ಭಾಷೆಗೆ ಬಂದಾಗ, ಅದು ಹೇಗೆ ಬಂತು ಎಂದು ಹೇಳಲು ಮುಖ್ಯವಾಗಿ ಎರಡು ಪದಗಳಿವೆ: ಫೆರ್‌ಟಾಲಿಂಗ್ ಮತ್ತು ಫೆರ್‌ವೆರ್ಕಿಂಗ್. ಮೊದಲನೆಯದರ ಹೊಟ್ಟೆಯಲ್ಲಿರುವುದು ‘ಟಾಲ್’, ಅಂದರೆ ಭಾಷೆ. ಎರಡನೆಯದರಲ್ಲಿರುವುದು ‘ವೆರ್ಕ್’, ಅಂದರೆ ಕೆಲಸ. ಭಾಷೆಯಷ್ಟೇ ಬದಲಾದರೆ ಫೆರ್‌ಟಾಲಿಂಗ್. ಊರು, ಜನ, ಮಾತಿನ ಧಾಟಿ ಎಲ್ಲವನ್ನೂ ಹೊಸದಾಗಿ ನಾದಿದರೆ ಫೆರ್‌ವೆರ್ಕಿಂಗ್. ನಮ್ಮ ಅನುವಾದ, ರೂಪಾಂತರಗಳಿಗೆ ಹೆಚ್ಚುಕಡಿಮೆ ಸಮ. ಹ್ಯಾಮ್ಲೆಟ್ ಕಥೆಯನ್ನು ಬಿದನೂರಿಗೆ ತಂದ ಕುವೆಂಪು ಅವರ ‘ರಕ್ತಾಕ್ಷಿ’ಯನ್ನು ಅಲ್ಲಿಯವರು ನೋಡಿದ್ದರೆ ಫೆರ್‌ವೆರ್ಕಿಂಗ್ ಎಂದೇ ಕರೆಯುತ್ತಿದ್ದರು.

ಆದರೆ ಅಲ್ಲಿ ಈ ಎರಡು ಪದಗಳ ನಡುವೆ ಇನ್ನೊಂದು ಜಗಳವೂ ಇದೆ. ಡಚ್ಚಿನಿಂದ ಕವಲೊಡೆದು, ಕೇಪ್‌ಟೌನ್ ಸುತ್ತಲಿನ ಕೇಪ್ ಸೀಮೆಯ ಗುಲಾಮರ ಮತ್ತು ಅಲ್ಲಿಯ ಮೂಲನಿವಾಸಿ ಖೋಯ್ ಜನರ ಬಾಯಲ್ಲಿ ರೂಪುಗೊಂಡ ಆಫ್ರಿಕಾನ್ಸನ್ನು ಬಹುಕಾಲ ‘ಅಡುಗೆಮನೆ ಭಾಷೆ’ ಎಂದು ಹೀಗಳೆಯುತ್ತಿದ್ದರು. 1925ರಲ್ಲಿ ಅದಕ್ಕೆ ಅಧಿಕೃತ ಸ್ಥಾನ ಸಿಕ್ಕಿತು. ಸಿಕ್ಕಮೇಲೆ ಅದನ್ನು ತೊಳೆದು ಬೆಳಗುವ ಆಸೆ. ನಮ್ಮ ಭಾಷೆಯೂ ಶೇಕ್ಸ್‌ಪಿಯರನನ್ನು ಹೊರಬಲ್ಲದು ಎಂದು ತೋರಿಸುವುದೇ ಮೊದಮೊದಲ ಫೆರ್‌ಟಾಲಿಂಗ್‌ಗಳ ದೊಡ್ಡ ಉಮೇದು. 1947ರಲ್ಲಿ ನಟ ಆಂಡ್ರೆ ಹ್ಯೂಗೆನೆಟ್ ಆಫ್ರಿಕಾನ್ಸ್ ಹ್ಯಾಮ್ಲೆಟ್ ಆಗಿ ರಂಗಕ್ಕೆ ಬಂದರು, ಅನುವಾದ ಎಲ್. ಐ. ಕೂರ್ಟ್ಸೆ ಅವರದು.

ಹೊರುವುದು ಸುಲಭವಿರಲಿಲ್ಲ. ಶೇಕ್ಸ್‌ಪಿಯರನ ಸಾಲಿಗೆ ಸಾಮಾನ್ಯವಾಗಿ ಹತ್ತು ಉಚ್ಚಾರಾಂಶ, ಐದು ಪೆಟ್ಟು, ಅಂದರೆ ಒತ್ತಿ ಹೇಳುವ ಜಾಗ. ಆಫ್ರಿಕಾನ್ಸಿನಲ್ಲಿ ಭೂತಕಾಲವೇ ಉದ್ದ: ಇಂಗ್ಲಿಷಿನ ‘ಸಾ’ ಒಂದೇ ಉಚ್ಚಾರಾಂಶವಾದರೆ, ‘ಹೆಟ್ ಖೆಸೀನ್’ ಮೂರು. ನಿಷೇಧ ಬಂದರೆ ‘ನೀ’ ಎಂಬ ಪದವನ್ನು ಎರಡು ಸಲ ಹೇಳಬೇಕು, ಎರಡನೆಯದು ವಾಕ್ಯದ ಕೊನೆಗೆ. ‘ಟು ಬಿ ಆರ್ ನಾಟ್ ಟು ಬಿ’ಯನ್ನು ವ್ಯಾಕರಣಕ್ಕೆ ತಕ್ಕಂತೆ ಇಟ್ಟರೆ ‘ಟೆ ವೀಸ್ ಒಫ್ ನೀ ಟೆ ವೀಸ್ ನೀ’. ಆರು ಇದ್ದದ್ದು ಏಳಾಯಿತು. ಮೂರನೆಯ ಪೆಟ್ಟು ‘ವೀಸ್’ ಮೇಲೆ ಬಿದ್ದ ಮೇಲೂ ಆ ಬಾಲದ ‘ನೀ’ ಉಳಿದುಬಿಡುತ್ತದೆ, ನಟನ ಕಾಲಿಗೆ ತೊಡರುವ ಪಂಚೆಯ ಅಂಚಿನಂತೆ. ಬಿಟ್ಟುಬಿಟ್ಟರೆ ಛಂದಸ್ಸು ಉಳಿಯುತ್ತದೆ, ಆದರೆ ಕೇಳುವವರಿಗೆ ಅದು ಡಚ್ಚಿನ ಹಾಗೆ ಕೇಳುತ್ತದೆ.

ಸರ್ವನಾಮದ್ದು ಮತ್ತೊಂದು ಪೇಚು. ‘ಯೇ’ ಎಂದರೆ ನೀನು, ‘ಯೂ’ ಎಂದರೆ ತಾವು. ಆದರೆ ಮನೆಯಲ್ಲಿ ಮಕ್ಕಳು ತಾಯಿಗೆ ಎರಡನ್ನೂ ಬಳಸದೆ ‘ಅಮ್ಮನಿಗೆ ಕಾಫಿ ಬೇಕಾ?’ ಎಂದು ಎದುರಿಗೇ ಕೇಳುವುದುಂಟು. ಹ್ಯಾಮ್ಲೆಟ್ ಮೂರನೆಯ ಅಂಕದಲ್ಲಿ ತಾಯಿ ಮಗನನ್ನು ಏಕವಚನದಲ್ಲಿ ಗದರುತ್ತಾಳೆ; ಮಗ ಅದೇ ಮಾತನ್ನು ಅವಳಿಗೇ ತಿರುಗಿಸಿ, ಬಹುವಚನದಲ್ಲಿ, ತಣ್ಣಗೆ ಹೇಳುತ್ತಾನೆ. ಆಫ್ರಿಕಾನ್ಸಿನ ಮಗ ಅಲ್ಲಿ ‘ಯೂ’ ಎಂದರೆ ಕಚೇರಿಯ ಪತ್ರದ ಧಾಟಿ, ‘ಯೇ’ ಎಂದರೆ ಒರಟು, ‘ಅಮ್ಮ’ ಎಂದರೆ ಸಿಟ್ಟೇ ಇಳಿದುಹೋಗುತ್ತದೆ. ನನ್ನ ಮಟ್ಟಿಗೆ ಕಚೇರಿಯ ಧಾಟಿಯೇ ವಾಸಿ.

1963ರಲ್ಲಿ ಬ್ರಿಟನ್ನಿನ ಹಲವು ನಾಟಕಕಾರರು, ದಕ್ಷಿಣ ಆಫ್ರಿಕಾದಲ್ಲಿ ಬಣ್ಣ ನೋಡಿ ಪ್ರೇಕ್ಷಕರನ್ನು ಬಿಡುವ ರಂಗಮಂದಿರಗಳಿಗೆ ತಮ್ಮ ನಾಟಕ ಕೊಡುವುದಿಲ್ಲವೆಂದರು. 1965ರಲ್ಲಿ ಅಲ್ಲಿಯ ಸರ್ಕಾರ ಬಿಳಿಯರೂ ಉಳಿದವರೂ ಕೂಡಿ ಕೂರುವ ಬೆರಕೆ ಪ್ರೇಕ್ಷಕರನ್ನೇ ನಿಷೇಧಿಸಿತು. ಬದುಕಿರುವವರ ಪ್ರದರ್ಶನ ಹಕ್ಕು ಸಿಗುವುದು ಕಷ್ಟವಾದಾಗ ಉಳಿದವರು ಸತ್ತವರು. ಶೇಕ್ಸ್‌ಪಿಯರ್, ಚೆಕಾಫ್, ಇಬ್ಸೆನ್ ಯಾವ ಹೇಳಿಕೆಗೂ ಸಹಿ ಹಾಕುವಂತಿರಲಿಲ್ಲ. ಆ ವರ್ಷಗಳಲ್ಲಿ ಕವಿ ಎಯ್ಸ್ ಕ್ರೀಖೆ ‘ಟ್ವೆಲ್ಫ್ತ್ ನೈಟ್’ ಮತ್ತು ‘ಕಿಂಗ್ ಲಿಯರ್’ ನಾಟಕಗಳನ್ನು, ಕಾದಂಬರಿಕಾರ ಆಂದ್ರೆ ಬ್ರಿಂಕ್ ಚೆಕಾಫನ ‘ಸೀಗಲ್’ ಮತ್ತು ಇಬ್ಸೆನ್ನನ ‘ಹೆಡ್ಡಾ ಗಾಬ್ಲರ್’ ನಾಟಕಗಳನ್ನು ತಂದರು. 1970ರಲ್ಲಿ ಜರ್ಮನ್ ನಿರ್ದೇಶಕ ಡೀಟರ್ ರೈಬ್ಲೆ ಕೇಪ್‌ಟೌನಿನಲ್ಲಿ ಶೇಕ್ಸ್‌ಪಿಯರನ ‘ಟೈಟಸ್ ಆಂಡ್ರೋನಿಕಸ್’ ಆಡಿಸಿದರು. ಅನುವಾದಕ ಬ್ರೇಟನ್ ಬ್ರೇಟನ್‌ಬಾಖ್ ಆಗ ಪ್ಯಾರಿಸ್‌ನಲ್ಲಿದ್ದರು. ವಿಯೆಟ್ನಾಂ ಮೂಲದ ಹೆಣ್ಣಿನೊಂದಿಗಿನ ಅವರ ಮದುವೆಯನ್ನು ತಾಯ್ನಾಡಿನ ವರ್ಣಭೇದದ ಕಾನೂನು ಒಪ್ಪುತ್ತಿರಲಿಲ್ಲ. ಆ ನಾಟಕದಲ್ಲಿ ರಾಣಿಗೆ ಕಪ್ಪು ಮಗು ಹುಟ್ಟುತ್ತದೆ. ಒಂದು ಪದ ಬದಲಿಸದೆಯೂ ಫೆರ್‌ಟಾಲಿಂಗ್ ಎಷ್ಟು ಹರಿತವಾಗಬಲ್ಲದು ಎಂಬುದಕ್ಕೆ ಇಷ್ಟು ಸಾಕು.

ಇನ್ನು ಫೆರ್‌ವೆರ್ಕಿಂಗ್‌ಗೆ ನಾನು ಮೊದಲು ಕೊಡುವ ಉದಾಹರಣೆ ಬ್ರಿಂಕರದೇ ‘ಕಿಂಕಲ್ಸ್ ಇನಿ ಕಾಬೆಲ್’, 1971. ಮೂಲ ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’, ಎರಡು ಜೋಡಿ ಅವಳಿಗಳನ್ನು ಜನ ಅದಲುಬದಲಾಗಿ ಗುರುತಿಸುವ ನಗೆನಾಟಕ. ‘ಹಗ್ಗದಲ್ಲಿ ಗಂಟು’ ಎಂದರೆ ಅಲ್ಲಿಯ ಆಡುಮಾತಿನಲ್ಲಿ ಎಡವಟ್ಟು. ಶಿಷ್ಟ ಬರಹದಲ್ಲಿ ‘ಇನ್ ಡಿ’ ಎಂದಿರಬೇಕು. ‘ಇನಿ’ ಎಂಬುದು ಕೇಪಿನ ಬೀದಿಯ ಕೂಡುಮಾತು, ‘ಕಾಪ್ಸ್’ ಎಂಬ ಉಪಭಾಷೆ. ಅಡುಗೆಮನೆಯ ಕಳಂಕ ತೊಳೆಯಲು ತಂದ ಶೇಕ್ಸ್‌ಪಿಯರ್ ಹೀಗೆ ಅಡುಗೆಮನೆಯ ಮಾತಿಗೇ ಬಂದು ಕುಳಿತ.

ಇಂಥ ರೂಪಾಂತರ ಮಾಡಲು ಹೊರಟವರು ಸೋಲುವುದು ಮಾತಿನಲ್ಲಲ್ಲ, ಕಟ್ಟಿನಲ್ಲಿ. ಈ ನಾಟಕ ಶುರುವಾಗುವುದೇ ಒಂದು ಕಾನೂನಿನಿಂದ: ಶತ್ರು ಊರಿನ ವ್ಯಾಪಾರಿ ಸಿಕ್ಕಿಬಿದ್ದರೆ ಸಾವಿರ ಮಾರ್ಕ್ ತೆರಬೇಕು, ಇಲ್ಲವೇ ತಲೆ ಕೊಡಬೇಕು. ಹೊಸ ಊರಿನಲ್ಲಿ ಅಷ್ಟೇ ತೂಕದ ಬೆದರಿಕೆ ಸಿಗದಿದ್ದರೆ ಅವಳಿಗಳ ಗೊಂದಲ ಬರೀ ಹುಡುಗಾಟವಾಗುತ್ತದೆ. ಆಳುಗಳು ಒಡೆಯರಿಂದ ಏಟು ತಿನ್ನುವ ದೃಶ್ಯಗಳೂ ಇವೆ. ಆಳಿಗೆ ಕಾಪ್ಸ್, ಒಡೆಯನಿಗೆ ಶಿಷ್ಟ ಆಫ್ರಿಕಾನ್ಸ್ ಹಂಚಿದರೆ ಆ ಏಟಿಗೆ ನಗು ಹುಟ್ಟುವುದಿಲ್ಲ.

ಗ್ರಂಥಾಲಯಗಳಲ್ಲಿ ಕ್ರೀಖೆಯವರ ‘ಲಿಯರ್’ ಹುಡುಕುವವರು ಶೇಕ್ಸ್‌ಪಿಯರ್ ಹೆಸರಿನಡಿ ನೋಡಬೇಕು. ‘ಕಿಂಕಲ್ಸ್’ ಬೇಕಾದವರು ಬ್ರಿಂಕ್ ಹೆಸರಿನಡಿ.